ಅರಸನ ಅಧಿಕಾರಿಯೋ, ನಾಡಿನ ಅರಸನೋ?

ಹಾನಗಲ್ಲು ಸೀಮೆಯ ಶಾಸನಗಳನ್ನು ಓದಲು ಕುಳಿತವರ ಕಣ್ಣಿಗೆ ಮತ್ತೆ ಮತ್ತೆ ಬೀಳುವ ಒಂದು ಉದ್ದನೆಯ ಪದವಿದೆ: ‘ತತ್ಪಾದಪದ್ಮೋಪಜೀವಿ’. ಕಲ್ಲಿನ ನೆತ್ತಿಯ ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು-ಕರು. ಅದರ ಕೆಳಗೆ ದೇವರ ಸ್ತುತಿ. ಆಮೇಲೆ ದೂರದ ಕಲ್ಯಾಣದಲ್ಲಿರುವ ಚಾಲುಕ್ಯ ಚಕ್ರವರ್ತಿಯ ಬಿರುದುಗಳು: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ. ಇವು ಅಚ್ಚಿನಲ್ಲಿ ಎರಕ ಹೊಯ್ದಂತೆ ಎಲ್ಲ ಕಲ್ಲುಗಳಲ್ಲೂ ಒಂದೇ ಕ್ರಮದಲ್ಲಿರುತ್ತವೆ. ಅಲ್ಲಿಗೆ ಚಕ್ರವರ್ತಿಯ ಪಾಳಿ ಮುಗಿಯಿತು. ಮುಂದಿನದೇ ಈ ಪದ. ‘ಆತನ ಪಾದಕಮಲಗಳನ್ನು ನೆಚ್ಚಿ ಬದುಕುವವನು’ ಎಂದು ಅದರ ಅರ್ಥ. ಹಾಗೆ ಬದುಕುವವನು ಯಾರೆಂದರೆ, ಆ ನಾಡನ್ನು ಆಳುತ್ತಿದ್ದ ಪ್ರಾಂತಾಧಿಕಾರಿ. ಮಹಾಸಾಮಂತ, ಮಹಾಮಂಡಳೇಶ್ವರ, ದಂಡನಾಯಕ, ಹೀಗೆ ಕಾಲಕ್ಕೆ ತಕ್ಕಂತೆ ಅವನ ಹೆಸರು.

ತಮಾಷೆಯೆಂದರೆ, ಒಡೆಯನ ಹೊಗಳಿಕೆ ಮೂರು ನಾಲ್ಕು ಸಾಲಿನಲ್ಲಿ ಮುಗಿದರೆ ಈ ಪಾದಸೇವಕನ ಹೊಗಳಿಕೆ ಎಷ್ಟೋ ಸಲ ಅದರ ಎರಡರಷ್ಟು ಉದ್ದವಾಗಿರುತ್ತದೆ. ಅವನ ವಂಶ, ಧ್ವಜ, ಲಾಂಛನ, ಗೆದ್ದ ಕಾಳಗ, ಅವನ ಮುಂದೆ ಬಾರಿಸುವ ವಾದ್ಯ, ಯಾವುದನ್ನೂ ಕವಿ ಬಿಡುವುದಿಲ್ಲ. ಊರಿನವರಿಗೆ ಕಾಣುತ್ತಿದ್ದ ದೊರೆ ಅವನೇ. ಕಲ್ಯಾಣ ಕುದುರೆಯ ಮೇಲೆ ಹೋದರೂ ಹಲವು ದಿನಗಳ ದಾರಿ. ಚಕ್ರವರ್ತಿಗೂ ಈ ಅಧಿಕಾರಿಗೂ ನಡುವೆ ಇರುವುದು ಈ ಒಂದು ಪದ ಮಾತ್ರ. ಆ ಪದ ಕಲ್ಲಿನ ಮೇಲೆ ಇರುವತನಕ ಅವನು ಅಧಿಕಾರಿ. ಅದು ಕಾಣೆಯಾದ ದಿನ ಅವನೇ ಅರಸ.

ಪ್ರಾಂತಾಧಿಕಾರಿಯ ಪ್ರಶ್ನೆ ಈ ಮಣ್ಣಿಗೆ ಎಷ್ಟು ಹಳೆಯದೋ ಅಷ್ಟೇ ಹೊಸದು. 1989ರ ಏಪ್ರಿಲಿನಲ್ಲಿ ರಾಜ್ಯಪಾಲರ ವರದಿಯ ಮೇಲೆ ವಜಾ ಆದ ಸರ್ಕಾರದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಇದೇ ಸೀಮೆಯ ಕಾರಡಗಿಯವರು. ಅವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1994ರ ಮಾರ್ಚಿನಲ್ಲಿ ಕೊಟ್ಟ ತೀರ್ಪು, ಬಹುಮತದ ಪರೀಕ್ಷೆ ವಿಧಾನಸಭೆಯಲ್ಲಿ ಆಗಬೇಕೇ ಹೊರತು ರಾಜಭವನದಲ್ಲಲ್ಲ ಎಂದು ಹೇಳಿತು. ಇಂದಿನ ರಾಜ್ಯಪಾಲರು ಹೊರಗಿನಿಂದ ಬಂದು ಅವಧಿ ಮುಗಿಸಿ ಹೋಗುವವರು. ಅವರು ಕೇಂದ್ರದ ಕಡೆಗೆ ವಾಲುತ್ತಾರೆಂಬುದು ನಮ್ಮ ದೂರು. ಸಾವಿರ ವರ್ಷದ ಹಿಂದಿನ ದೂರು ಇದಕ್ಕೆ ತಿರುಗುಮುರುಗು. ಕಳಿಸಿದವನು ನೆಲಕ್ಕೆ ಬೇರುಬಿಟ್ಟು ಕಳಿಸಿದವನನ್ನೇ ಮರೆಯುತ್ತಾನೆ ಎಂಬುದು ಅಂದಿನ ಚಕ್ರವರ್ತಿಗಳ ಭಯ.

ಆಗ ಈ ಸೀಮೆಗೆ ಎರಡು ಹೆಸರಿದ್ದವು. ಹಾನಗಲ್ಲಿನ ಸುತ್ತಣ ನಾಡು ಪಾನುಂಗಲ್ಲು-500. ಅದಕ್ಕೆ ತಾಗಿಕೊಂಡು ತುಂಗಭದ್ರೆಯಿಂದ ಪಶ್ಚಿಮದ ಕಾಡಿನತನಕ ಹರಡಿದ್ದು ಬನವಾಸಿ-12000. ಈ ಅಂಕಿ ಹಳ್ಳಿಗಳ ಎಣಿಕೆಯೋ, ಕಂದಾಯದ ಲೆಕ್ಕವೋ, ಬರಿಯ ಸಂಪ್ರದಾಯವೋ ಎಂದು ವಿದ್ವಾಂಸರು ನೂರು ವರ್ಷದಿಂದ ಚರ್ಚಿಸುತ್ತಿದ್ದಾರೆ. ಗಂಗವಾಡಿ-96000 ಎಂಬಲ್ಲಿ ಅಷ್ಟೂ ಹಳ್ಳಿಗಳಿದ್ದವೆಂದು ಒಪ್ಪುವುದು ಕಷ್ಟ. ಸಾತ್ತಳಿಗೆ-70, ನಾಗರಖಂಡ-70ರಂಥ ಚಿಕ್ಕ ಘಟಕಗಳಲ್ಲಿ ಮಾತ್ರ ಅದು ಹಳ್ಳಿಗಳ ಎಣಿಕೆಯೆಂದೇ ತೋರುತ್ತದೆ. ಬನವಾಸಿ ಭತ್ತ, ಅಡಕೆ, ಮೆಣಸುಗಳ ಶ್ರೀಮಂತ ನಾಡು. ಘಟ್ಟ ಇಳಿದರೆ ಕರಾವಳಿ. ದಕ್ಷಿಣದಿಂದ ದಂಡು ಬಂದರೆ ಮೊದಲು ತಡೆಯಬೇಕಾದ ಗಡಿಯೂ ಅದೇ. ಅಂಥ ನಾಡಿಗೆ ಸಾಧಾರಣ ಮನುಷ್ಯನನ್ನು ಕಳಿಸುವಂತಿರಲಿಲ್ಲ. ಅಸಾಧಾರಣನನ್ನು ಕಳಿಸಿದರೆ ಅವನ ಮೇಲೆ ಕಣ್ಣಿಡಬೇಕಾಗುತ್ತಿತ್ತು.

ಮೊದಲ ಉದಾಹರಣೆ ರಾಷ್ಟ್ರಕೂಟರ ಕಾಲದ್ದು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರಕ್ಕೆ ಆ ಹೆಸರು ಬಂದದ್ದು ಬಂಕೇಯನಿಂದ. ಅಮೋಘವರ್ಷ ನೃಪತುಂಗನ ನೆಚ್ಚಿನ ದಂಡನಾಯಕನಾದ ಅವನ ಕಥೆ ನರಗುಂದದ ಹತ್ತಿರದ ಕೊಣ್ಣೂರಿನ ಶಾಸನದಲ್ಲಿದೆ. ಅದರ ಕಾಲ ಕ್ರಿ.ಶ. 860. ಗಂಗರ ಮೇಲೆ ಹೋದ ಬಂಕೇಯ ಕೇದಾಳದ ಕೋಟೆ ಹಿಡಿದು ಕಾವೇರಿ ದಾಟಿದ. ಅಷ್ಟರಲ್ಲಿ ರಾಜಧಾನಿಯಲ್ಲಿಯೇ ದಂಗೆ ಎದ್ದಿದೆ, ಹಿಂತಿರುಗು ಎಂದು ಒಡೆಯನ ಕರೆ. ಮೂರು ತಿಂಗಳೊಳಗೆ ಶತ್ರುಗಳನ್ನು ಅಡಗಿಸದಿದ್ದರೆ ಬೆಂಕಿಗೆ ಬೀಳುತ್ತೇನೆಂದು ಪಣತೊಟ್ಟು ಅವನು ಮರಳಿದ, ಗೆದ್ದ. ಬನವಾಸಿ ಮೊದಲಾದ 30000 ಗ್ರಾಮಗಳ ಒಡೆತನ ಅವನ ಪಾಲಿಗೆ ಬಂದಿತ್ತು. ಈಗ ಕೊಣ್ಣೂರಿನಲ್ಲಿರುವ ಕಲ್ಲು ಮೂಲವಲ್ಲ. ತಾಮ್ರಪಟವೊಂದನ್ನು ನೋಡಿ 12ನೆಯ ಶತಮಾನದಲ್ಲಿ ಕೆತ್ತಿಸಿದ ನಕಲು. ಹಾಗಾಗಿ ಅದರ ಪ್ರತಿಯೊಂದು ವಿವರವನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಬಂಕೇಯನ ಮನೆತನ ಬನವಾಸಿ ನಾಡಿನಲ್ಲಿ ಬೇರೂರಿದ್ದಕ್ಕೆ ಬೇರೆ ಸಾಕ್ಷಿಗಳೂ ಇವೆ. ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಶಕ 820ರಲ್ಲಿ, ಎಂದರೆ 898ರಲ್ಲಿ, ಪೂಜೆ ಸಂದದ್ದು ಬಂಕಾಪುರದಲ್ಲಿ, ಆಗ ಅಲ್ಲಿಂದ ಆಳುತ್ತಿದ್ದವನು ಬಂಕೇಯನ ಮಗ ಲೋಕಾದಿತ್ಯ. ಇವರದು ಚೆಲ್ಲಕೇತನವೆಂಬ ಬಾವುಟದ ಮನೆತನ. ಅಪ್ಪನಿಗೆ ಬಹುಮಾನವಾಗಿ ಸಿಕ್ಕ ಹುದ್ದೆ ಮಗನಿಗೆ ಆಸ್ತಿಯಾಗಿ ಇಳಿಯಿತು. ಊರಿಗೆ ಅಪ್ಪನ ಹೆಸರೂ ನಿಂತಿತು.

ಅನುವಂಶಿಕತೆ ಮೇಲ್ತುದಿಯಲ್ಲಿ ಮಾತ್ರ ಇದ್ದದ್ದಲ್ಲ. ಹಿರೇಕೆರೂರಿನ ನೆರೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ 10ನೆಯ ಶತಮಾನದ ಆರಂಭದ ಒಂದು ಶಾಸನವಿದೆ. ಇದೇ ಚೆಲ್ಲಕೇತನ ವಂಶದ ಕಲಿವಿಟ್ಟರಸ ಬನವಾಸಿ ಆಳುತ್ತಿದ್ದಾಗ ನಾಗರಖಂಡ-70ರ ನಾಳ್ಗಾವುಂಡ ತೀರಿಕೊಂಡನು. ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಆಕೆ ಅದನ್ನು ನಡೆಸಿ, ಕೊನೆಗೆ ಕಾಯಿಲೆ ಬಿದ್ದಾಗ ಮಗಳಿಗೆ ವಹಿಸಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಮಂಡಳೇಶ್ವರರು ಬದಲಾದಾಗಲೂ ನಾಡಿನ ಕೆಲಸ ನಿಲ್ಲದಂತೆ ನೋಡಿಕೊಂಡವರು ಇಂಥ ಗಾವುಂಡರು, ಪೆರ್ಗಡೆಗಳು, ಲೆಕ್ಕ ಬರೆಯುವ ಸೇನಬೋವರು. ಅವರ ಬಗ್ಗೆ ನಮ್ಮ ಇತಿಹಾಸದ ಪುಸ್ತಕಗಳು ಇನ್ನಷ್ಟು ಹೇಳಬೇಕಾಗಿತ್ತು ಎಂದು ನನಗೆ ಅನ್ನಿಸುವುದುಂಟು.

ಕಲ್ಯಾಣದ ಚಾಲುಕ್ಯರಿಗೆ ಬಲಿಷ್ಠ ಅಧಿಕಾರಿ ಏಕೆ ಬೇಕಾಗಿದ್ದ ಎಂಬುದನ್ನು ತಿಳಿಯಲು ಬಂಕಾಪುರದ ಸಮೀಪದ ಹೊಟ್ಟೂರಿನ ಶಾಸನ ನೋಡಬೇಕು. ಅದು 1007ರದು, ಇರಿವಬೆಡಂಗ ಸತ್ಯಾಶ್ರಯನ ಕಾಲದ್ದು. ಚೋಳರ ರಾಜೇಂದ್ರ ಒಂಬತ್ತು ಲಕ್ಷ ದಂಡಿನೊಡನೆ ಬಂದು ದೋಣೂರಿನಲ್ಲಿ ಬೀಡುಬಿಟ್ಟು, ನಾಡನ್ನು ಸೂರೆಮಾಡಿ, ಹೆಂಗಸರು ಮಕ್ಕಳೆನ್ನದೆ ಕೊಂದನೆಂದು ಅದು ಹೇಳುತ್ತದೆ. ಒಂಬತ್ತು ಲಕ್ಷವೆಂಬುದು ಹೆದರಿದವರ ಎಣಿಕೆಯಿರಬೇಕು. ಹೆದರಿಕೆ ಮಾತ್ರ ನಿಜ. ಅದೇ ಚೋಳರ ದಂಡು ಕೆಲವು ವರ್ಷ ಮೊದಲು, 993ರ ಸುಮಾರಿಗೆ, ಸಮುದ್ರ ದಾಟಿ ಸಿಂಹಳದ ರಾಜಧಾನಿ ಅನುರಾಧಪುರವನ್ನು ಹಾಳುಗೆಡವಿತ್ತು. ಇಂಥ ಗಡಿಯಲ್ಲಿ ಹೇಳಿದ್ದಕ್ಕೆ ತಲೆಯಾಡಿಸುವ ಕರಣಿಕನಿದ್ದರೆ ನಡೆಯದು. ಸ್ವಂತ ದಂಡು, ಸ್ವಂತ ಕೋಟೆ, ಸ್ವಂತ ಮಾನ ಇರುವವನು ಬೇಕು.

ಅಂಥವನು ಕೈಮೀರದಂತೆ ಏನು ಮಾಡುವುದು? ಚಾಲುಕ್ಯರು ಹೂಡಿದ ಮೊದಲ ಉಪಾಯ, ಮನೆಯವರನ್ನೇ ಕಳಿಸುವುದು. ಒಂದನೆಯ ಸೋಮೇಶ್ವರನ ರಾಣಿ ಮೈಳಲದೇವಿ 1053ರಲ್ಲಿ ಬನವಾಸಿ-12000ವನ್ನು ಆಳುತ್ತಿದ್ದಳು. 1055ರ ಬಂಕಾಪುರದ ಶಾಸನದಲ್ಲಿ ಚಕ್ರವರ್ತಿ ಸೋಮೇಶ್ವರನ ಕೆಳಗೆ ಮಗ ವಿಕ್ರಮಾದಿತ್ಯ ಗಂಗವಾಡಿ, ಬನವಾಸಿಗಳ ಅಧಿಪತಿ. ಅವನ ಕೆಳಗೆ ಕದಂಬರ ಹರಿಕೇಸರಿ. ಪಾದಪದ್ಮಗಳ ಕೆಳಗೆ ಮತ್ತೆ ಪಾದಪದ್ಮಗಳು! ಆದರೆ ಮಗನೆಂದಮಾತ್ರಕ್ಕೆ ಪ್ರಾಂತಾಧಿಕಾರಿಯ ಗುಣ ಬಿಡುವುದಿಲ್ಲ. ದಕ್ಷಿಣದ ಈ ನಾಡುಗಳ ಬಲದಿಂದಲೇ ವಿಕ್ರಮಾದಿತ್ಯ 1076ರಲ್ಲಿ ಅಣ್ಣ ಎರಡನೆಯ ಸೋಮೇಶ್ವರನನ್ನು ಇಳಿಸಿ ತಾನೇ ಪಟ್ಟವೇರಿದ. ಹಾಗೆ ಏರಿದವನು ತನಗೆ ನೆರವಾದ ತಮ್ಮ ಜಯಸಿಂಹನಿಗೆ ಕೊಟ್ಟದ್ದು ಯಾವ ನಾಡನ್ನು? ಬನವಾಸಿಯನ್ನೇ. ಕೆಲವೇ ವರ್ಷಗಳಲ್ಲಿ, 1083ರ ಸುಮಾರಿಗೆ, ತಮ್ಮನೂ ಅಣ್ಣನ ಪಾಠವನ್ನೇ ಒಪ್ಪಿಸಿದ. ದಂಡು ಕಟ್ಟಿಕೊಂಡು ಕೃಷ್ಣೆಯ ದಡಕ್ಕೆ ಬಂದು ಸೋತು ಸೆರೆಸಿಕ್ಕಿದ. ಬಿಲ್ಹಣ ‘ವಿಕ್ರಮಾಂಕದೇವಚರಿತ’ದಲ್ಲಿ ಈ ಎರಡು ದಂಗೆಗಳನ್ನೂ ವರ್ಣಿಸಿದ್ದಾನೆ. ತನ್ನ ಒಡೆಯ ಅಣ್ಣನ ಮೇಲೆ ಎದ್ದದ್ದು ಶಿವನ ಆಜ್ಞೆಯಿಂದ. ತಮ್ಮ ಎದ್ದದ್ದು ದುರಾಸೆಯಿಂದ! ಆಸ್ಥಾನಕವಿಯ ಕಷ್ಟ ಅವನಿಗೇ ಗೊತ್ತು.

ಎರಡನೆಯ ಉಪಾಯ, ಹಣದ ಗಂಟನ್ನು ಬೇರೆಯವನ ಕೈಗೆ ಕೊಡುವುದು. ಪೆರ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳನ್ನು ನೋಡಿಕೊಳ್ಳಲು ಚಕ್ರವರ್ತಿ ತನ್ನವೇ ಆದ ದಂಡನಾಯಕರನ್ನು ನೇಮಿಸುತ್ತಿದ್ದ. ನಾಡು ಆಳುವವನು ಒಬ್ಬ, ಹೆದ್ದಾರಿಯ ಸುಂಕ ಎಣಿಸುವವನು ಮತ್ತೊಬ್ಬ. ಕಾಗದದ ಮೇಲೆ ಇದು ಜಾಣ ಏರ್ಪಾಡು. ಆದರೆ ಆರನೆಯ ವಿಕ್ರಮಾದಿತ್ಯನ ಕಾಲಕ್ಕಾಗಲೇ ಅನಂತಪಾಲ ದಂಡನಾಯಕನಂಥವರು ಸುಂಕದ ಅಧಿಕಾರವನ್ನೂ ಬನವಾಸಿಯ ಆಡಳಿತವನ್ನೂ ಒಟ್ಟಿಗೆ ಹಿಡಿದಿದ್ದರು.

ಮೂರನೆಯದು ಬೀಗತನ. ಹಾನಗಲ್ಲಿನಲ್ಲಿ ಆಳುತ್ತಿದ್ದ ಕದಂಬರು ತಮ್ಮನ್ನು ಹಳೆಯ ಬನವಾಸಿ ಕದಂಬರ ಕುಲದವರೆಂದು ಹೇಳಿಕೊಳ್ಳುತ್ತಿದ್ದರು. ವಾನರಧ್ವಜ, ಸಿಂಹಲಾಂಛನ, ಪೆರ್ಮಟ್ಟಿಯೆಂಬ ವಾದ್ಯ, ಬನವಾಸಿಪುರವರಾಧೀಶ್ವರ ಎಂಬ ಬಿರುದು ಅವರವು. ಬನವಾಸಿಯ ಅಧಿಕಾರ ಬೇರೆಯವರಿಗೆ ಹೋದಾಗಲೂ ಈ ಬಿರುದನ್ನು ಅವರು ಬಿಡಲಿಲ್ಲ. ಇಂಥ ಹಳೆಯ ಬೇರುಳ್ಳ ಮನೆಯನ್ನು ಕೀಳುವುದಕ್ಕಿಂತ ಕಟ್ಟಿಕೊಳ್ಳುವುದು ಲೇಸೆಂದು ಚಾಲುಕ್ಯರು ಬಗೆದರು. ಎರಡನೆಯ ಜಯಸಿಂಹನ ಅಕ್ಕ ಅಕ್ಕಾದೇವಿ ಯುದ್ಧದಲ್ಲಿ ಭೈರವಿಯೆನಿಸಿಕೊಂಡವಳು. 1047ರಲ್ಲಿ ಗೋಕಾಗೆ, ಎಂದರೆ ಗೋಕಾಕದ, ಕೋಟೆಗೆ ತಾನೇ ಮುತ್ತಿಗೆ ಹಾಕಿದವಳು. 1030ರ ದಶಕದ ಶಾಸನಗಳಲ್ಲಿ ಆಕೆ ಹಾನಗಲ್ಲಿನ ಕದಂಬ ಮಯೂರವರ್ಮನೊಡನೆ ಆಳುತ್ತಿರುವುದು ಕಾಣುತ್ತದೆ. 1066ರ ಹೊತ್ತಿಗೆ ಬನವಾಸಿ, ಪಾನುಂಗಲ್ಲುಗಳೆರಡನ್ನೂ ಆಳುತ್ತಿದ್ದ ತೋಯಿಮದೇವ ಅವಳ ಮಗ. ಪ್ರಾಂತಾಧಿಕಾರಿ ಈಗ ಚಕ್ರವರ್ತಿಯ ಮನೆಯ ಅಳಿಯ, ಸೋದರಳಿಯ.

ಇದನ್ನು ಸಿಂಹಳದ ರೀತಿಯೊಡನೆ ಹೋಲಿಸಿದರೆ ಸ್ವಾರಸ್ಯವಿದೆ. ಅಲ್ಲಿನ ಕೊನೆಯ ರಾಜಧಾನಿ ಕ್ಯಾಂಡಿಯ ಅರಸರ ಕೆಳಗೆ ಪ್ರಾಂತಗಳನ್ನು ನೋಡಿಕೊಳ್ಳುವವನಿಗೆ ‘ದಿಸಾವೆ’ ಎಂದು ಹೆಸರು. ಸಬರಗಮುವ, ಊವ, ಮಾತಳೆ ಹೀಗೆ ಒಂದೊಂದು ಪ್ರಾಂತಕ್ಕೆ ಒಬ್ಬೊಬ್ಬ. 17ನೆಯ ಶತಮಾನದಲ್ಲಿ ಅಲ್ಲಿ 19 ವರ್ಷ ಸೆರೆಯಲ್ಲಿದ್ದ ರಾಬರ್ಟ್ ನಾಕ್ಸ್ ಎಂಬ ಇಂಗ್ಲಿಷ್ ನಾವಿಕ ಬರೆದಿರುವಂತೆ, ಈ ದೊಡ್ಡ ಅಧಿಕಾರಿಗಳು ಅರಮನೆಯ ಬಳಿಯೇ ಇರಬೇಕು. ನಾಡಿನ ಕೆಲಸ ಕೈಕೆಳಗಿನವರಿಂದ ನಡೆಯಬೇಕು. ಹೆಂಡತಿ ಮಕ್ಕಳು ರಾಜಧಾನಿಯಲ್ಲಿ ಒತ್ತೆಯಿದ್ದಂತೆ. ಸಬರಗಮುವದ ದಿಸಾವೆಯಾಗಿದ್ದ ಎಹೆಲೆಪೊಳ 1814ರಲ್ಲಿ ತಿರುಗಿಬಿದ್ದಾಗ ಅರಸ ಅವನ ಹೆಂಡತಿ ಮಕ್ಕಳನ್ನು ಕೊಲ್ಲಿಸಿದ. ಒತ್ತೆ ಅಲ್ಲಿಗೆ ಮುಗಿಯಿತು, ಹೆದರಿಕೆಯೂ ಮುಗಿಯಿತು. ಮರುವರ್ಷ ಮಾರ್ಚ್ 2ರಂದು ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡು ಸಿಂಹಳದ ಸಿಂಹಾಸನವನ್ನು ಅವರಿಗೆ ಒಪ್ಪಿಸಿದವರಲ್ಲಿ ದಿಸಾವೆಗಳೇ ಇದ್ದರು. ಅರಸ ವೆಲ್ಲೂರಿನ ಕೋಟೆಯಲ್ಲಿ ಸೆರೆಯಾಳಾಗಿ 1832ರಲ್ಲಿ ತೀರಿಕೊಂಡ. ಅಲ್ಲಿ ಅಧಿಕಾರಿಯ ಹೆಂಡತಿಯನ್ನು ಅರಸ ಹಿಡಿದಿಟ್ಟುಕೊಂಡ. ಇಲ್ಲಿ ಅರಸ ತನ್ನ ಮನೆಯ ಹೆಣ್ಣನ್ನು ಅಧಿಕಾರಿಗೆ ಕೊಟ್ಟ. ಎರಡರಲ್ಲಿ ನಮ್ಮದು ಹೆಚ್ಚು ಮನುಷ್ಯತ್ವದ್ದು. ಹೆಚ್ಚು ಕಾಲ ಬಾಳಿದ್ದೂ ಹೌದು.

ಇವೆಲ್ಲ ದೊಡ್ಡವರ ಲೆಕ್ಕಾಚಾರ. ಊರಿನವರಿಗೆ ಈ ಅಧಿಕಾರಿಯಿಂದ ಆಗಬೇಕಾದದ್ದೇನು? ಕೆರೆಗೆ, ಗುಡಿಗೆ, ಮಠಕ್ಕೆ ಬಿಟ್ಟ ಭೂಮಿ ಮುಂದಿನ ಅಧಿಕಾರಿಯ ಕಾಲದಲ್ಲೂ ಉಳಿಯಬೇಕು, ಅದರ ತೆರಿಗೆ ಮಾಫಿ ಮುಂದುವರಿಯಬೇಕು. ಶಾಸನಗಳ ಕೊನೆಯಲ್ಲಿ ಬರುವ ಶಾಪವನ್ನು ನೆನೆಯಿರಿ. ಕೊಟ್ಟ ಭೂಮಿಯನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂದು ಅದು ಹೆದರಿಸುವುದು ಕಳ್ಳಕಾಕರನ್ನಲ್ಲ. ಮುಂದೆ ಬರುವ ಅರಸರನ್ನು, ಅಧಿಕಾರಿಗಳನ್ನು. ಅವರು ಬದಲಾಗುತ್ತಾರೆಂದು ಊರಿಗೆ ಚೆನ್ನಾಗಿ ಗೊತ್ತಿತ್ತು.

ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಶಾಸನದಲ್ಲಿ ಈ ಎಚ್ಚರ ಎದ್ದು ಕಾಣುತ್ತದೆ. ಶಿರಸ್ಸನ್ನು ಕತ್ತರಿಸಿಕೊಂಡು ಮತ್ತೆ ಪಡೆದನೆಂಬ ಏಕಾಂತದ ರಾಮಯ್ಯನ ಪವಾಡದ ಕಥೆಗಾಗಿ ಅದು ಪ್ರಸಿದ್ಧ. ಜೈನರಿಗೂ ಶೈವರಿಗೂ ಅಲ್ಲಿ ನಡೆದ ಕಹಿ ಜಗಳವನ್ನು ಗೆದ್ದ ಪಕ್ಷದ ಬಾಯಿಂದ ಮಾತ್ರ ನಾವು ಕೇಳುತ್ತಿದ್ದೇವೆ. ಅದಿರಲಿ. ನಮಗಿಲ್ಲಿ ಮುಖ್ಯವಾದದ್ದು ಕಥೆಯ ನಂತರದ ದಾನಗಳ ಪಟ್ಟಿ. ಮೊದಲು ಕಲಚುರಿ ಬಿಜ್ಜಳ ರಾಮಯ್ಯನಿಗೆ ಜಯಪತ್ರವನ್ನೂ ಸಾತ್ತಳಿಗೆ-70ರಲ್ಲಿ ಒಂದು ಊರನ್ನೂ ಕೊಟ್ಟ. ಕಲಚುರಿಗಳ ಕಾಲ ಮುಗಿದು ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಬಂದ. ಅವನು ಅಬ್ಬಲೂರನ್ನೇ ಕೊಟ್ಟ. ಅಷ್ಟಕ್ಕೆ ಸಾಲದೆ ಹಾನಗಲ್ಲಿನ ಮಹಾಮಂಡಳೇಶ್ವರ ಕದಂಬ ಕಾಮದೇವ ಪಾನುಂಗಲ್ಲು-500ರಲ್ಲಿ, ಮುಂಡಗೋಡಿನ ಹತ್ತಿರದ ಮಳ್ಳವಳ್ಳಿಯನ್ನು ಬಿಟ್ಟ. ಮೂವರ ಕೊಡುಗೆಯನ್ನೂ ಒಂದೇ ಕಲ್ಲಿನ ಮೇಲೆ ಕೆತ್ತಿಸಿದವರು ಜಾಣರು. ಚಕ್ರವರ್ತಿಗಳ ಮಾತು ದೊಡ್ಡದು, ಆದರೆ ನಾಳೆ ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ನಡೆಯುವುದು ಹಾನಗಲ್ಲಿನವನ ಮಾತು.

ಅಬ್ಬಲೂರಿನ ಕಲ್ಲಿನಲ್ಲಿ ಮೊದಲು ಬರುವ ಬಿಜ್ಜಳ ಯಾರು? ಅವನೂ ಪ್ರಾಂತಾಧಿಕಾರಿಯೇ. ತರ್ದವಾಡಿ ನಾಡಿನ ಮಹಾಮಂಡಳೇಶ್ವರನಾಗಿ, ಮಂಗಳವೇಡೆಯಲ್ಲಿದ್ದು, ಚಾಲುಕ್ಯ ಮೂರನೆಯ ತೈಲಪನ ಪಾದಪದ್ಮೋಪಜೀವಿಯಾಗಿದ್ದವನು. 1157ರ ಹೊತ್ತಿಗೆ ಅವನ ಶಾಸನಗಳು ತಮ್ಮದೇ ಆಳ್ವಿಕೆಯ ವರ್ಷ ಎಣಿಸತೊಡಗುತ್ತವೆ. 1162ರ ಸುಮಾರಿಗೆ ಕಲ್ಯಾಣವೇ ಅವನದಾಯಿತು. ಇನ್ನು ಪಾದಪದ್ಮ ಯಾರದು? ದಕ್ಷಿಣದ ಹೊಯ್ಸಳರೂ ಇದೇ ದಾರಿಯವರು. ಚಾಲುಕ್ಯರ ಸಾಮಂತನೆಂದು ಹೇಳಿಕೊಳ್ಳುತ್ತಲೇ ವಿಷ್ಣುವರ್ಧನ ಹಾನಗಲ್ಲಿನ ಕೋಟೆಗೆ ಲಗ್ಗೆ ಹಾಕಿದ, ಕೊನೆಯ ವರ್ಷಗಳಲ್ಲಿ ಬಂಕಾಪುರದಲ್ಲಿ ಬೀಡುಬಿಟ್ಟ.

ಎಲ್ಲರೂ ಹೀಗೆ ಕೈಬಿಟ್ಟಾಗ ಬೀಗತನದ ಮನೆ ಮಾತ್ರ ಕೈಬಿಡಲಿಲ್ಲ. 1184ರಲ್ಲಿ ಕಲ್ಯಾಣವನ್ನು ಮರಳಿ ಪಡೆದ ನಾಲ್ಕನೆಯ ಸೋಮೇಶ್ವರನನ್ನು ಐದಾರು ವರ್ಷಗಳಲ್ಲೇ ಉತ್ತರದಿಂದ ಸೇವುಣ ಭಿಲ್ಲಮ ಓಡಿಸಿದ. ಕೊನೆಯ ಚಾಲುಕ್ಯ ಚಕ್ರವರ್ತಿ ಬಂದು ನಿಂತದ್ದು ಬನವಾಸಿಯ ಕಡೆಗೆ, ಕಾಮದೇವನ ಆಸರೆಯಲ್ಲಿ. ಪಾದವನ್ನು ನೆಚ್ಚಿ ಬದುಕುವವನ ನೆರಳಿನಲ್ಲಿ ಪಾದದ ಒಡೆಯ! ಹೊಯ್ಸಳ ವೀರಬಲ್ಲಾಳ 1196ರಲ್ಲಿ ಹಾನಗಲ್ಲಿಗೆ ಮುತ್ತಿಗೆ ಹಾಕಿ ಆನೆಕೆರೆಯ ಬಳಿ ದಂಡು ಇಳಿಸಿದ. ಕಾಮದೇವನ ದಂಡನಾಯಕ ಸೋಹಣಿ ಮಗನೊಡನೆ ಹೊರಬಿದ್ದು ಕಾದಿ ಅವನನ್ನು ಹಿಮ್ಮೆಟ್ಟಿಸಿ ತಾನು ಬಿದ್ದ. ಈ ಕದನವನ್ನು ಹೇಳುವ ವೀರಗಲ್ಲು ಹಾನಗಲ್ಲಿನದೇ. ತಾರಕೇಶ್ವರ ಗುಡಿಯ ಕಮಲದ ಛಾವಣಿಯನ್ನು ನೋಡಲು ಬರುವವರು ಆನೆಕೆರೆಯ ಕಡೆಗೂ ಒಮ್ಮೆ ಹೋಗಿಬರಬೇಕು.

ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಈ ನಾಡು ಸೇವುಣರಿಂದ ವಿಜಯನಗರಕ್ಕೆ, 1570ರ ದಶಕದಲ್ಲಿ ಬಂಕಾಪುರ ಬಿದ್ದ ಮೇಲೆ ವಿಜಾಪುರಕ್ಕೆ ಹೋಯಿತು. ಸಂಸ್ಕೃತದ ಬಿರುದುಗಳ ಜಾಗಕ್ಕೆ ಫಾರಸಿ ಬಿರುದುಗಳು ಬಂದವು. ಕಥೆ ಬದಲಾಗಲಿಲ್ಲ. 1686ರಲ್ಲಿ ಔರಂಗಜೇಬ ವಿಜಾಪುರವನ್ನು ಗೆದ್ದಾಗ, ಅಲ್ಲಿನ ಸರದಾರರಲ್ಲೊಬ್ಬನಾದ ಮಿಯಾನಾ ಪಠಾಣರ ಅಬ್ದುಲ್ ರವೂಫ್ ಖಾನ್ ಮೊಗಲರ ಸೇವೆಗೆ ಸೇರಿ ದಿಲೇರ್ ಖಾನ್ ಎಂಬ ಬಿರುದಿನೊಡನೆ ಬಂಕಾಪುರ ಸೀಮೆಯ 22 ಮಹಲುಗಳ ಅಧಿಕಾರ ಪಡೆದ. ಅವನ ಮನೆತನ ಬಂಕಾಪುರದಿಂದ ಸವಣೂರಿಗೆ ಬಂದು ಊರನ್ನು ಕಟ್ಟಿತು. ದಿಲ್ಲಿಯ ಪಾದಪದ್ಮಗಳು ಬಾಡಿದಂತೆ ಸುಬೇದಾರನ ಮನೆ ನವಾಬನ ಮನೆಯಾಯಿತು.

ಆದರೆ ಮೇಲೊಬ್ಬ ಒಡೆಯನಿಲ್ಲದಿರುವುದರ ಕಷ್ಟವನ್ನು ಸವಣೂರು ಬೇಗನೆ ಕಂಡಿತು. ಒಬ್ಬ ಚಕ್ರವರ್ತಿಯ ಬದಲು ಈಗ ಸುತ್ತ ಮೂವರು: ಪೇಶ್ವೆ, ನಿಜಾಮ, ಹೈದರ್. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯ ಮತ್ತು ನಿಜಾಮ ಸಲಾಬತ್ ಜಂಗ್, ಫ್ರೆಂಚ್ ಸೇನಾನಿ ಬುಸಿಯ ಫಿರಂಗಿಗಳೊಡನೆ ಸವಣೂರನ್ನು ಮುತ್ತಿದರು. ನವಾಬ ಅಬ್ದುಲ್ ಹಕೀಮ್ ಖಾನ್ ನಾಡಿನ ದೊಡ್ಡ ಭಾಗ ಬಿಟ್ಟುಕೊಟ್ಟು ಉಳಿದುಕೊಂಡ. ಮುಂದೆ ಹೈದರನೊಡನೆ ಹೆಣ್ಣು ಕೊಟ್ಟು ಹೆಣ್ಣು ತಂದು ಬೀಗನಾದ. ಅಕ್ಕಾದೇವಿಯ ಕಾಲದ ಉಪಾಯವೇ. ಈ ಸಲ ಅದು ಫಲಿಸಲಿಲ್ಲ. 1786ರಲ್ಲಿ ಹೈದರನ ಮಗ ಟಿಪ್ಪುವೇ ದಂಡೆತ್ತಿ ಬಂದಾಗ ನವಾಬ ಊರು ಬಿಟ್ಟು ಮರಾಠರ ಪಾಳೆಯಕ್ಕೆ ಹೋಗಬೇಕಾಯಿತು.

ಬ್ರಿಟಿಷರ ಕಾಲಕ್ಕೆ ಸವಣೂರು ಸಂಸ್ಥಾನದಲ್ಲಿ ಉಳಿದದ್ದು ಸುಮಾರು 70 ಚದರ ಮೈಲಿ, 25 ಹಳ್ಳಿ. ನವಾಬರ ಮೇಲ್ವಿಚಾರಣೆ ಧಾರವಾಡದ ಕಲೆಕ್ಟರರದು. ತಲೆಮಾರುಗಳಿಂದ ಆಳಿಬಂದ ಸುಬೇದಾರನ ಮನೆಯ ಮೇಲೆ, ಕೆಲವು ವರ್ಷ ಇದ್ದು ವರ್ಗವಾಗಿ ಹೋಗುವ ಒಬ್ಬ ಸಂಬಳದ ಅಧಿಕಾರಿ. 1948ರ ಮಾರ್ಚಿನಲ್ಲಿ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿದಾಗ ಸವಣೂರಿನ ಹಳ್ಳಿಗಳ ಲೆಕ್ಕಪತ್ರಗಳು ಹೋದದ್ದೂ ಅದೇ ಕಲೆಕ್ಟರ್ ಕಚೇರಿಗೆ.